ಎಷ್ಟು ಹೊಲಿಗೆ?

ನಡುಗುತ್ತಿರುವುದು ಕ್ಯಾಮೆರಾ ಅಲ್ಲ, ಆಟೋ. ಬದಿಯಡ್ಕ ದಾಟಿದೆವು. ಇನ್ನು ಸೀತಾಂಗೋಳಿ, ಆಮೇಲೆ ಕುಂಬಳೆ. ಅಪೆಂಡಿಕ್ಸ್ ತೆಗೆದು ಇವತ್ತಿಗೆ 9 ದಿನ, ಹೊಲಿಗೆ ಬಿಚ್ಚಿಸಲು ಹೋಗುತ್ತಿದ್ದೇವೆ. ಮಡಿಲಲ್ಲಿ ಇರುವ ದಿಂಬು ನಿದ್ದೆಗಲ್ಲ. ಹೊಂಡ ಬಂದಾಗ ಹೊಟ್ಟೆಗೆ ಒತ್ತಿ ಹಿಡಿಯಲಿಕ್ಕೆ. ಅಗೋ, ಬಂತು. ಅಯ್ಯಮ್ಮ.

ಈ 9 ದಿನದಲ್ಲಿ ಮನೆಗೆ ಬಂದವರೆಲ್ಲರದ್ದೂ ಒಂದೇ ಪ್ರಶ್ನೆ. ಎಷ್ಟು ಹೊಲಿಗೆ? ಪಕ್ಕದ ಮನೆಯ ಇಕ್ಕ ಬಂದರು, ಎತ್ರ ಸ್ಟಿಚ್? ಅಡಿಕೆ ಸುಲಿಯುವ ಅಕ್ಕ ಬಂದರು, ಏತ್ ಸ್ಟಿಚ್? ಆರು ಅಂದರೆ ಸಾಕು, ಮುಖ ಸಪ್ಪೆ. ದೊಡ್ಡಪ್ಪನಂತೂ "ನನ್ನ ಹರ್ನಿಯಕ್ಕೆ ಹದಿನಾಲ್ಕು" ಅಂತ ಗೆದ್ದವರ ಹಾಗೆ ಕೂತರು. ತಂದ ಬಿಸ್ಕೆಟ್ ಕಟ್ಟು ವಾಪಸ್ ಹೋಗುತ್ತದೋ ಅಂತ ಹೆದರಿಕೆ ಆಯಿತು.

ಸುಮ್ನೆ ಕೇಳುವ ಪ್ರಶ್ನೆ ಮಾರಾಯ್ರೆ ಅದು. ಹೊರಗೆ ಕಾಣುವ ಆರು ಗಂಟು ಹಿಡಿದಿರುವುದು ಚರ್ಮವನ್ನು ಮಾತ್ರ. ಹೊಟ್ಟೆಯನ್ನು ಹಿಡಿದಿರುವ ಹೊಲಿಗೆ ಒಳಗೆ ಉಂಟು, ಅದನ್ನು ಯಾರೂ ಎಣಿಸುವುದಿಲ್ಲ.

ನನಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟದ್ದು, ಹಾಗಾಗಿ ಎಚ್ಚರ ಇತ್ತು. ಹೊಕ್ಕುಳದಿಂದ ಬಲ ಸೊಂಟದ ಮೂಳೆಯ ತುದಿಗೆ ಗೆರೆ ಎಳೆಯಿರಿ. ಮೂಳೆಯ ಕಡೆಯಿಂದ ಮೂರನೇ ಒಂದು ಭಾಗದ ಹತ್ತಿರ ಕೊಯ್ಯುವುದು. ಮ್ಯಾಕ್‌ಬರ್ನಿ ಅಂತ ಅಮೆರಿಕದ ಡಾಕ್ಟರ್ ಈ ಜಾಗ ಗುರುತಿಸಿದ್ದು 1889ರಲ್ಲಿ. ಐದು ವರ್ಷ ಬಿಟ್ಟು, ಸ್ನಾಯುವನ್ನು ಕತ್ತರಿಸದೆ ಒಳಗೆ ಹೋಗುವ ದಾರಿಯನ್ನೂ ಬರೆದಿಟ್ಟರು. ನಾರಿನ ಎಳೆ ಹೋದ ಕಡೆಗೇ ಬಿಡಿಸುವುದು. ಅಡಿಕೆ ಹಾಳೆ ಉದ್ದಕ್ಕೆ ಸಿಗಿಯುತ್ತೇವಲ್ಲ, ಹಾಗೆ. ಮೂರು ಪದರ, ಎಳೆಗಳು ಒಂದೊಂದರಲ್ಲಿ ಒಂದೊಂದು ಕಡೆಗೆ. ಕೆಲಸ ಮುಗಿಸಿ ಕೈ ತೆಗೆದರೆ ಅವೇ ಹತ್ತಿರ ಬರುತ್ತವೆ.

ಮುಚ್ಚುವುದು ಅಡಿಯಿಂದ ಮೇಲಕ್ಕೆ. ಹೊಟ್ಟೆಯ ಒಳಪೊರೆಯನ್ನು ಕೆಲವರು ಹೊಲಿಯುತ್ತಾರೆ, ಕೆಲವರು ಬಿಡುತ್ತಾರೆ, ಅದು ಬೇಗ ತಾನೇ ಕೂಡುತ್ತದೆ. ಸ್ನಾಯುವಿಗೆ ಸಡಿಲವಾಗಿ ಒಂದೆರಡು. ಬಿಗಿದರೆ ರಕ್ತ ಓಡುವುದಿಲ್ಲ. ಅದರ ಮೇಲೆ ಬಿಳಿಯ ಗಟ್ಟಿ ಹಾಳೆಯಂಥ ಪದರ, ಅದಕ್ಕೆ ಉದ್ದಕ್ಕೂ ಒಂದೇ ದಾರ. ಗಟ್ಟಿತನ ಇರುವುದೇ ಅಲ್ಲಿ. "ವಿಕ್ರಿಲ್ ಕೊಡಿ" ಅಂದದ್ದು ಕೇಳಿತ್ತು. ಆ ದಾರ ಎರಡು, ಎರಡೂವರೆ ತಿಂಗಳಲ್ಲಿ ಒಳಗೇ ಕರಗುತ್ತದೆ. ಬಿಚ್ಚುವ ಕೆಲಸ ಇಲ್ಲ.

ಇದೆಲ್ಲ ಗೊತ್ತಿದ್ದೂ ಆರನೇ ದಿನ ನಾನು ಸತ್ತೆ ಅಂದುಕೊಂಡೆ. ಅಮ್ಮ ಸಾಂಬಾರ್ ಪುಡಿಗೆ ಮೆಣಸು ಹುರಿದರು. ಘಾಟು ಜಗುಲಿಗೆ ಬಂತು. ಸೀನು ಬರುವ ಮೊದಲು ಒಂದು ಕ್ಷಣ ಇರುತ್ತದಲ್ಲ, ಆಗ ದಿಂಬು ಹುಡುಕಿದೆ. ದಿಂಬಿನ ಮೇಲೆ ಬೆಕ್ಕು ಮಲಗಿತ್ತು. ಬೆಕ್ಕನ್ನೇ ಹೊಟ್ಟೆಗೆ ಒತ್ತಿದೆ! ಸೀನು ಬಂತು, ಬೆಕ್ಕು ಪರಚಿತು, ಒಳಗೆ ಎಂತದೋ ಹರಿದ ಹಾಗಾಯಿತು. ಭಾವ ಓಡಿ ಬಂದು ನೋಡಿ ನಕ್ಕರು. ನನಗೂ ನಗು ಬಂತು, ನಗು ಸೀನಿಗಿಂತ ಕಷ್ಟ. ಬ್ಯಾಂಡೇಜ್ ಎತ್ತಿ ನೋಡಿದರೆ ಆರೂ ಗಂಟು ಇದ್ದ ಹಾಗೇ ಉಂಟು. ಗಾಯ ಆದದ್ದು ಕೈಗೆ ಮಾತ್ರ.

ಹಾಂ, ಕುಂಬಳೆ ಬಂತು. ಒಳಗೆ ಕ್ಯಾಮೆರಾ ಬೇಡ ಅಂದರು, ಇದು ಹೊರಗಿನ ಬೆಂಚು.

ವಾರ್ಡಿನ ಕಥೆ ಒಂದು ಬಾಕಿ ಉಂಟು. ಪಕ್ಕದ ಬೆಡ್ಡಿನ ಅಜ್ಜನಿಗೂ ಅಪೆಂಡಿಕ್ಸೇ, ಆದರೆ ಬರುವಾಗಲೇ ಒಡೆದಿತ್ತು. ಒಳಗೆಲ್ಲ ಹೊಲಿದು ಚರ್ಮವನ್ನು ಹಾಗೇ ಬಿಟ್ಟು ಗಾಜ್ ಬಟ್ಟೆ ತುಂಬಿದ್ದರು. ಮಗ ಬಂದು ಗಲಾಟೆ, ಹೊಲಿಯಲು ಮರೆತಿದ್ದಾರೆ ಅಂತ. ಮರೆತದ್ದಲ್ಲ. ಕೀವು ಇದ್ದಾಗ ಮೇಲೆ ಮುಚ್ಚಿದರೆ ಒಳಗೇ ಕಟ್ಟಿಕೊಳ್ಳುತ್ತದೆ. ನಾಲ್ಕೈದು ದಿನ ನೋಡಿ, ಗಾಯ ಚೊಕ್ಕ ಆದಮೇಲೆ ಹೊಲಿಯುತ್ತಾರೆ. ಅಜ್ಜನಿಗೆ ಹೊರಗೆ ಸೊನ್ನೆ ಹೊಲಿಗೆ, ನೋವು ನನ್ನ ಎರಡರಷ್ಟು.

ಮುಗಿಯಿತು! ಇರುವೆ ಕಚ್ಚಿದಷ್ಟೂ ಇಲ್ಲ. ಗಂಟು ಎತ್ತಿ ಕತ್ತರಿಸಿ ಎಳೆದರು. ಒಂದು ಕಡೆ ಕೆಂಪಾಗಿದೆ. ಅಮ್ಮ ಹಲಸು ನಂಜು, ತಿನ್ನಬೇಡ ಅಂದಿದ್ದರು, ನಾನು ಮೂಢನಂಬಿಕೆ ಅಂತ ಭಾಷಣ ಮಾಡಿ ಎಂಟು ಸೊಳೆ ತಿಂದಿದ್ದೆ. ಡಾಕ್ಟರ್ ಹೇಳಿದರು, ಅದು ದಾರದ ಗಂಟು ಒತ್ತಿದ್ದು, ಹಲಸು ಅಲ್ಲ. ಬೇಳೆ, ಮೊಟ್ಟೆ ಚೆನ್ನಾಗಿ ತಿನ್ನಿ, ಗಾಯ ಕೂಡಲು ಅದು ಬೇಕು ಅಂದರು. ಆದರೂ ಮಾರಾಯ್ರೆ, ಹಲಸು ಸ್ವಲ್ಪ ದಿನ ಬಿಡುತ್ತೇನೆ. ಜ್ವರ ಬಂದರೆ, ಕೀವು ಬಂದರೆ ಕೂಡಲೇ ಬರಬೇಕಂತೆ. 6 ವಾರ ಅಡಿಕೆ ಮೂಟೆ ಮುಟ್ಟಬಾರದಂತೆ.

ಮನೆ ಬಂತು, ಮಳೆಯೂ ಬಂತು. ಅಂಗಳದಲ್ಲಿ ಅಡಿಕೆ ಹರಡಿದೆ, ಅಮ್ಮ ಕೂಗುತ್ತಿದ್ದಾರೆ. ಭಾವ ನನ್ನ ಮುಖ ನೋಡುತ್ತಿದ್ದಾರೆ. ಟಾರ್ಪಾಲಿನ ಒಂದು ಮೂಲೆ ಹಿಡಿಯುತ್ತೇನೆ ಭಾವ, ಮೂಲೆ ಭಾರ ಅಲ್ವಲ್ಲ. ಕ್ಯಾಮೆರಾ ನೆನೆಯುತ್ತದೆ, ಇಡುತ್ತೇನೆ.