ಕೆಳಗಿನ ಹಲಗೆ ತೆಗೆಸಿ ನೋಡಿ

ಎಲ್ಲರಿಗೂ ನಮಸ್ಕಾರ. ಪಿಯಾನೋ ಗ್ರೇಡ್ ಪರೀಕ್ಷೆಯ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಪುರುಸೊತ್ತೇ ಇರುವುದಿಲ್ಲ. ಮಗು ಡಿಸ್ಟಿಂಕ್ಷನ್ ತಗೊಂಡಿರುತ್ತದೆ, ಅಪ್ಪ ಅಮ್ಮ ಖುಷಿಯಲ್ಲಿರುತ್ತಾರೆ. ‘ಸಾರ್, ಹೊಸ ಪಿಯಾನೋ ತಗೊಳ್ಳೋದಾ, ಜಪಾನಿಂದ ಬಂದ ಸೆಕೆಂಡ್ ಹ್ಯಾಂಡ್ ತಗೊಳ್ಳೋದಾ?’ ಒಬ್ಬೊಬ್ಬರಿಗೇ ಹೇಳುವ ಬದಲು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಹೇಳಿಬಿಡಿ ಅಂತ ಇಲ್ಲಿನ ಪಿಯಾನೋ ಕ್ಲಾಸಿನ ಮೇಡಂ ಅರ್ಧ ಗಂಟೆ ಕೊಟ್ಟಿದ್ದಾರೆ. ನಾನು ಪಿಯಾನೋ ಶ್ರುತಿ ಮಾಡುವ ಟ್ಯೂನರ್, ಮಾತುಗಾರ ಅಲ್ಲ. ಹಾಗಾಗಿ ಅರ್ಧ ಗಂಟೆ ಸಾಲುವುದಿಲ್ಲ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಹೊಸದೋ ಹಳೆಯದೋ, ಅದು ಆಮೇಲಿನ ಮಾತು. ದುಡ್ಡು ಕೊಡುವ ಮುಂಚೆ ಅಂಗಡಿಯವರದ್ದಲ್ಲದ ಟ್ಯೂನರ್ ಒಬ್ಬರನ್ನು ಕರೆದುಕೊಂಡು ಹೋಗಿ, ಮೇಲಿನ ಮುಚ್ಚಳ, ಕೆಳಗಿನ ಹಲಗೆ ಎರಡನ್ನೂ ತೆಗೆಸಿ. ಹಳೇ ಕಾರು ಕೊಳ್ಳುವಾಗ ಮೆಕ್ಯಾನಿಕ್ ಕೈಲಿ ಬಾನೆಟ್ ಎತ್ತಿಸುತ್ತೀರಿ, ಅಲ್ವಾ? ಪಿಯಾನೋ ಮುಂದೆ ಮಾತ್ರ ಎಲ್ಲರೂ ಕಪ್ಪು ಪಾಲಿಶ್‌ನಲ್ಲಿ ತಮ್ಮ ಮುಖ ನೋಡಿಕೊಂಡು ಚೆಕ್ ಬರೆದುಬಿಡುತ್ತಾರೆ.

ಈ ಜಪಾನಿನ ಹಳೇ ಪಿಯಾನೋಗಳು ಬರುವುದಾದರೂ ಎಲ್ಲಿಂದ? ಹಮಾಮಾತ್ಸು ಅಂತ ಒಂದು ಊರು. ಯಮಹಾದವರು 1900ರಲ್ಲಿ ಮೊದಲ ಅಪ್‌ರೈಟ್, ಅಂದರೆ ಗೋಡೆಗೆ ಒರಗಿಸಿಡುವ ನೆಟ್ಟನೆಯ ಪಿಯಾನೋ, ಮಾಡಿದ್ದು ಅಲ್ಲೇ, 1927ರಲ್ಲಿ ಕವಾಯ್ ಶುರುವಾಗಿದ್ದೂ ಅಲ್ಲೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನ ಮಧ್ಯಮ ವರ್ಗದವರ ಕೈಯಲ್ಲಿ ದುಡ್ಡು ಓಡಾಡಿತು. ಮನೆಯಲ್ಲಿ ಮಗಳಿದ್ದರೆ ಪಿಯಾನೋ ಇರಬೇಕು ಅನ್ನುವ ಹಾಗಾಯಿತು. 1980ರ ಸುಮಾರಿಗೆ ವರ್ಷಕ್ಕೆ 3 ಲಕ್ಷಕ್ಕಿಂತ ಜಾಸ್ತಿ ತಯಾರಾಗುತ್ತಿತ್ತು. ಆಮೇಲೆ ಮಕ್ಕಳು ದೊಡ್ಡವರಾದರು, ಹೊಸದಾಗಿ ಹುಟ್ಟುವ ಮಕ್ಕಳೂ ಕಡಿಮೆಯಾದರು. ಪಿಯಾನೋ ಮೇಲೆ ಲೇಸ್ ಬಟ್ಟೆ, ಬೊಂಬೆ ಬಂದು ಕೂತವು. ಅವನ್ನೇ ವ್ಯಾಪಾರಿಗಳು ಕೊಂಡು, ಒರೆಸಿ, ರಿಪೇರಿ ಮಾಡಿ, ಹಡಗು ಹತ್ತಿಸುತ್ತಾರೆ. ಒಂದಷ್ಟು ಬೆಂಗಳೂರಿಗೂ ಬರುತ್ತವೆ. ನೀವು ನೋಡುವುದು ಹೆಚ್ಚಾಗಿ ಯಮಹಾದ ಯು1, ಯು3 ಅನ್ನುವ ಮಾಡೆಲ್‌ಗಳು. ಮೊದಲನೆಯದು 121 ಸೆಂಟಿಮೀಟರ್ ಎತ್ತರ, ಎರಡನೆಯದು 131. ಬಳಸಿದ್ದು ಅಂತ ಮೂಗು ಮುರಿಯಬೇಡಿ. ಎಷ್ಟೋ ಪಿಯಾನೋಗಳನ್ನು ಮಗು ನಾಲ್ಕೈದು ವರ್ಷ ನುಡಿಸಿ ಬಿಟ್ಟಿರುತ್ತದೆ, ಅಷ್ಟೇ.

ಈಗ ಜಯನಗರದ ಕಥೆ. ನನ್ನನ್ನು ಬಲ್ಲವರು ಇದನ್ನು ಕೇಳಿಯೇ ಇರುತ್ತೀರಿ, ಇನ್ನೊಂದು ಸಲ ಕೇಳಿ. ಮೂರನೇ ಮಹಡಿ, ಹೊಸದಾಗಿ ತಂದ ಕಪ್ಪು ಯು3. ನಡುವಿನ ಒಂದು ಕೀ ಒತ್ತಿದರೆ ಮೇಲೆ ಬರುತ್ತಿಲ್ಲ ಅಂತ ಕರೆದಿದ್ದರು. ‘ತೊಂಬತ್ತರ ದಶಕದ ಮಾಡೆಲ್ ಸಾರ್’ ಅಂದರು ಯಜಮಾನರು. ಮೇಲಿನ ಮುಚ್ಚಳ ಎತ್ತಿದೆ. ಕಬ್ಬಿಣದ ಚೌಕಟ್ಟಿನ ಮೇಲೆ ಸೀರಿಯಲ್ ನಂಬರ್ ಕಾಣುತ್ತದೆ. 22 ಲಕ್ಷದ ಚಿಲ್ಲರೆ. ಯಮಹಾದ ನಂಬರು ಸುಳ್ಳು ಹೇಳುವುದಿಲ್ಲ. 30 ಲಕ್ಷ ಅಂದರೆ 1980ರ ಸುಮಾರು, 22 ಲಕ್ಷ ಅಂದರೆ 1976. ಯಜಮಾನರು ಮಾತಾಡಲಿಲ್ಲ. ಸೋಫಾ ಮೇಲೆ ಕೂತಿದ್ದ ಅವರ ತಾಯಿ ಮಾತ್ರ ಕೇಳಿದರು: ‘ಅಂದ್ರೆ ಇದು ನಮ್ಮ ಸೊಸೆಗಿಂತ ದೊಡ್ಡದಾ?’ ಸೊಸೆ ಅಡುಗೆಮನೆಯಿಂದ ಇಣುಕಿ ನೋಡಿದರು. ನಾನು ತಲೆ ತಗ್ಗಿಸಿ ಸ್ಕ್ರೂ ಬಿಚ್ಚುತ್ತಾ ಕೂತೆ.

ಕೀಗಳನ್ನು ಎತ್ತಿದರೆ ಕೆಳಗೆ ಹತ್ತು ಯೆನ್‌ನ ಒಂದು ನಾಣ್ಯ, ಹಲ್ಲಿನ ಗುರುತಿರುವ ಒಂದು ಮೋಟು ಪೆನ್ಸಿಲ್. ಕೀ ಸಿಕ್ಕಿಕೊಂಡಿದ್ದು ನಾಣ್ಯದಿಂದ. ‘ಪೂರ್ತಿ ಬಿಚ್ಚಿ ಸರ್ವಿಸ್ ಮಾಡಿದ್ದೇವೆ’ ಅಂದಿದ್ದರಂತೆ ಮಾರಿದವರು. ಕೀ ಎತ್ತದೆ ಅದೆಂಥ ಸರ್ವಿಸ್ಸೋ! ಯಜಮಾನರು ‘ವಾಪಸ್ ಕೊಟ್ಟುಬಿಡುತ್ತೇನೆ’ ಅಂತ ಎದ್ದರು. ತಡೀರಿ ಅಂದೆ.

ಇಲ್ಲಿ ಸ್ವಲ್ಪ ಪಾಠ ಬೇಕು. 88 ಕೀ, ಸುಮಾರು 230 ತಂತಿ. ಎಲ್ಲ ಸೇರಿ ಹದಿನೆಂಟು ಇಪ್ಪತ್ತು ಟನ್‌ನಷ್ಟು ಎಳೆತ. ಆ ಭಾರ ಹೊರುವುದು ಕಬ್ಬಿಣದ ಚೌಕಟ್ಟು. ಆದರೆ ವೀಣೆಯಲ್ಲಿ ಬಿರಡೆ ಮಾಡುವ ಕೆಲಸ ಮಾಡುವ ಪಿನ್ನುಗಳು ನೆಟ್ಟಿರುವುದು ಚೌಕಟ್ಟಿನ ಹಿಂದಿನ ಮರದ ದಿಮ್ಮಿಯಲ್ಲಿ. ಆ ಮರ ಸೀಳಿದರೆ ಪಿನ್ನು ಸಡಿಲ. ಇವತ್ತು ಶ್ರುತಿ ಮಾಡಿದ್ದು ಮುಂದಿನ ವಾರಕ್ಕೆ ಇಳಿದಿರುತ್ತದೆ. ಒಂದೇ ಸ್ವರದ ಮೂರು ತಂತಿಗಳು ಒಂದಕ್ಕೊಂದು ಸೇರದೆ ‘ವೌಂ ವೌಂ’ ಅಂತ ಅಲೆಯುತ್ತವೆ. ದಿಮ್ಮಿ ಬದಲಾಯಿಸುವುದೆಂದರೆ ಪಿಯಾನೋವನ್ನೇ ಬಿಚ್ಚಿ ಹಾಕಿದ ಹಾಗೆ. ಜಯನಗರದಲ್ಲಿ ಪಿನ್ನು ತಿರುಗಿಸುವ ಲಿವರ್ ಹಾಕಿ ಒಂದೊಂದೇ ಪಿನ್ನು ನೋಡಿದೆ. ಎಲ್ಲವೂ ಬಿಗಿ. ಕೆಳಗಿನ ಹಲಗೆ ತೆಗೆದೆ, ತಂತಿಗೆ ತುಕ್ಕಿಲ್ಲ. ಪಿಯಾನೋ ಇಟ್ಟುಕೊಳ್ಳಿ, ಸುಳ್ಳಿನ ದುಡ್ಡು ಮಾತ್ರ ವಾಪಸ್ ಕೇಳಿ ಅಂದೆ. ಕೇಳಿದರು, ಒಂದಿಷ್ಟು ಬಂತು ಕೂಡ.

ಅದೇ ವರ್ಷ ಇನ್ನೊಂದು ಮನೆಯಲ್ಲಿ 1988ರದ್ದು ನೋಡಿದೆ. ವಯಸ್ಸು ನಿಜವೇ ಹೇಳಿದ್ದರು. ಕೆಳಗಿನ ಹಲಗೆ ತೆಗೆದರೆ ನೀರು ನಿಂತ ಗೆರೆ, ತುಕ್ಕು ಹಿಡಿದ ಮಂದ್ರದ ತಂತಿ, ಒಳಗಿನ ಉಣ್ಣೆಯ ಫೆಲ್ಟ್ ಕಿತ್ತು ಕಟ್ಟಿದ ಇಲಿಯ ಗೂಡು. ಅದಕ್ಕೇ ಹೇಳುವುದು, ಹಲಗೆ ತೆಗೆಸಿ.

ಹಾಗಾದರೆ ಹೊಸದು ಬೇಡವಾ? ಬೇಡ ಅಂತ ನಾನು ಅನ್ನಲಿಲ್ಲ. ಬಜೆಟ್ ಇದ್ದರೆ ಹೊಸ ಯು1 ತಗೊಳ್ಳಿ, ವಾರಂಟಿ ಇರುತ್ತದೆ. ತಂತಿ ಹೊಸದಾದ್ದರಿಂದ ಹಿಗ್ಗುತ್ತಾ ಇರುತ್ತದೆ, ಮೊದಲ ವರ್ಷ ಮೂರು ನಾಲ್ಕು ಸಲ ಟ್ಯೂನ್ ಮಾಡಿಸಬೇಕು. ನನ್ನ ತಕರಾರು ಇರುವುದು ಅಗ್ಗದ ಹೊಸದರ ಮೇಲೆ. ಎದುರಿಗೆ ಜರ್ಮನ್ ಹೆಸರು, ಒಳಗೆ ಯಾವ ಕಾರ್ಖಾನೆಯೋ. ಚೀನಾದ್ದೆಲ್ಲ ಕೆಟ್ಟದ್ದು ಅಂತಲ್ಲ, ಯಮಹಾ ಕೂಡ ಚೀನಾ, ಇಂಡೋನೇಷ್ಯಾದಲ್ಲಿ ಪಿಯಾನೋ ಮಾಡುತ್ತದೆ. ಆದರೆ 109 ಸೆಂಟಿಮೀಟರಿನ ಚಿಕ್ಕ ಪಿಯಾನೋದಲ್ಲಿ ಮಂದ್ರದ ತಂತಿ ಗಿಡ್ಡ. ಒಳಗೆ ಸರಿಯಿರುವ ಹಳೇ ಯು3ರ ಗಾಂಭೀರ್ಯ ಅದಕ್ಕೆ ಎಲ್ಲಿಂದ ಬರಬೇಕು?

ಕಂಟೋನ್ಮೆಂಟಿನ ಹಳೇ ಬಂಗಲೆಗಳ ಇಂಗ್ಲಿಷ್ ಪಿಯಾನೋ ಮಾರುವವರೂ ಇದ್ದಾರೆ. ಪ್ರತಿಯೊಂದನ್ನೂ ಮೈಸೂರು ಮಹಾರಾಜರು ನುಡಿಸಿರುತ್ತಾರೆ! ಜಯಚಾಮರಾಜ ಒಡೆಯರ್ ನಿಜವಾಗಿಯೂ ಒಳ್ಳೆಯ ಪಿಯಾನೋ ವಾದಕರು. ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ರೆಕಾರ್ಡಿಂಗ್‌ಗೆ ದುಡ್ಡು ಕೊಟ್ಟವರು. ಮೆಟ್ನರ್ ಆರ್ಕೆಸ್ಟ್ರಾ ಜೊತೆ ನುಡಿಸುವ ತಮ್ಮ ಮೂರನೇ ಪಿಯಾನೋ ಕನ್ಚರ್ಟೊವನ್ನು ಅವರಿಗೇ ಅರ್ಪಿಸಿದ್ದಾರೆ. ಆದರೆ ಮಾರಾಟಕ್ಕಿರುವ ಇಷ್ಟನ್ನೂ ನುಡಿಸಿದ್ದರೆ ರಾಜ್ಯ ಆಳೋಕೆ ಟೈಮ್ ಎಲ್ಲಿರುತ್ತಿತ್ತು? ಶೋಕೇಸ್‌ಗೆ ತಗೊಳ್ಳಿ, ಮಗುವಿನ ಅಭ್ಯಾಸಕ್ಕೆ ಬೇಡ. ವಿದೇಶದಿಂದ ವಾಪಸ್ ಬರುವವರಿಗೆ ಒಂದು ಮಾತು: ಹಳೇ ಪಿಯಾನೋದ ಕೀ ಮೇಲೆ ಆನೆದಂತ ಇದ್ದರೆ ತರಲೇಬೇಡಿ. ಅದರ ಆಮದಿಗೆ ನಿಷೇಧ ಇದೆ.

ಮೇಡಂ ಗಡಿಯಾರ ನೋಡುತ್ತಿದ್ದಾರೆ. ಹವೆ ಬಗ್ಗೆ ದೊಡ್ಡದಾಗಿ ಹೇಳಬೇಕು ಅಂತಿದ್ದೆ, ಚಿಕ್ಕದಾಗಿ ಕೇಳಿ. ಬೆಂಗಳೂರು ಮಾರ್ಚ್‌ನಲ್ಲಿ ಒಣ, ಜುಲೈನಲ್ಲಿ ತೇವ. ಮರ ಕುಗ್ಗುತ್ತದೆ, ಹಿಗ್ಗುತ್ತದೆ, ಶ್ರುತಿ ಓಡುತ್ತದೆ. ವರ್ಷಕ್ಕೆ ಎರಡು ಸಲ ಟ್ಯೂನಿಂಗ್ ಬೇಕೇ ಬೇಕು. ಮಂಗಳೂರು, ಉಡುಪಿ ಕಡೆಯವರು ತುಕ್ಕು ಮೊದಲು ನೋಡಿ. ಕವಾಯ್ ಕೂಡ ಕೇಳಿ ನೋಡಿ, ಕೀ ಒತ್ತಿದಾಗ ಹ್ಯಾಮರ್‌ನಿಂದ ತಂತಿಗೆ ಹೊಡೆಸುವ ಅದರ ಆ್ಯಕ್ಷನ್‌ನಲ್ಲಿ ಎಷ್ಟೋ ಭಾಗ ಪ್ಲಾಸ್ಟಿಕ್ಕಿನದು, ಮಳೆಗಾಲದಲ್ಲಿ ಉಬ್ಬುವುದಿಲ್ಲ.

ಪಿಯಾನೋ ಮನೆಗೆ ಬಂದ ದಿನವೇ ಟ್ಯೂನ್ ಮಾಡಿಸಬೇಡಿ, ಎರಡು ಮೂರು ವಾರ ಬಿಡಿ. ಇನ್ನೂರು ಕಿಲೋ ಮೀರಿದ ಸಾಮಾನು, ಸುಮ್ನೆ ಇಬ್ಬರನ್ನು ಕರೆದು ಮೆಟ್ಟಿಲು ಹತ್ತಿಸಬೇಡಿ. ಏನೇನು ಬದಲಾಯಿಸಿದ್ದಾರೆ, ತಂತಿಯೋ ಹ್ಯಾಮರೋ ಬರೀ ಪಾಲಿಶ್ಶೋ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಡಿಜಿಟಲ್ ಬಗ್ಗೆ ಇವತ್ತು ಟೈಮ್ ಇಲ್ಲ.

ಸೀರಿಯಲ್ ನಂಬರಿನ ಫೋಟೋ ತಂದವರು ಹೊರಗೆ ಟೀ ಹತ್ತಿರ ಸಿಗಿ, ವರ್ಷ ಹೇಳುತ್ತೇನೆ. ಅಡ್ವಾನ್ಸ್ ಕೊಟ್ಟುಬಿಟ್ಟವರು ಮೊದಲು ಬನ್ನಿ.