458 ಸಂಘಗಳ ಊರು

ಎಲ್ಲರಿಗೂ ನಮಸ್ಕಾರ.

ಒಂದು ಊರಿನಲ್ಲಿ ಎಷ್ಟು ಸಂಘಗಳಿವೆ ಅಂತ ಯಾರಾದರೂ ಕೂತು ಎಣಿಸುತ್ತಾರಾ? 1924ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಮನ್ಸಿ ಎಂಬ ಊರಿನಲ್ಲಿ ಆ ಕೆಲಸ ನಡೆಯಿತು. ಲೆಕ್ಕಕ್ಕೆ ಸಿಕ್ಕಿದ್ದು 458. ಊರಿನ ಜನ ಆಗ ನಲವತ್ತು ಸಾವಿರವೂ ಇರಲಿಲ್ಲ. ಅಂದರೆ ಹೆಚ್ಚುಕಡಿಮೆ ಎಂಬತ್ತು ಜನಕ್ಕೊಂದು ಸಂಘ. 1890ರಲ್ಲಿ ಅದೇ ಊರಿನಲ್ಲಿ ಇದ್ದದ್ದು 92 ಮಾತ್ರ.

ಈ ಸಂಖ್ಯೆ ಮೊದಲ ಸಲ ಓದಿದಾಗ ನನಗೆ ಆ ಊರಿನ ಮೇಲೆ ಸ್ವಲ್ಪ ಆಸೆಯೇ ಆಯಿತು. ಎಷ್ಟು ಒಟ್ಟಾಗಿ ಬಾಳುತ್ತಿದ್ದ ಜನ ಅಂತ ಅಂದುಕೊಂಡೆ. ಆಮೇಲೆ ಒಂದೊಂದಾಗಿ ಓದುತ್ತಾ ಹೋದ ಹಾಗೆ ಬೇರೆ ಒಂದು ಪ್ರಶ್ನೆ ಬಂತು. ನಮ್ಮ ಹಳ್ಳಿಗಳಲ್ಲಿ ಒಬ್ಬ ಮನುಷ್ಯ ಎಷ್ಟು ಜನರನ್ನು ಸಂಪಾದಿಸಿದ್ದಾನೆ ಅಂತ ಅಳೆಯುವುದು ಅವನ ಸಾವಿನ ದಿನ. ಹೆಗಲು ಕೊಡಲು ಎಷ್ಟು ಜನ ಬಂದರು ಅಂತ ನೋಡುತ್ತಾರೆ. ಮನ್ಸಿಯಲ್ಲಿ ಯಾರು ಯಾರಿಗೆ ಹೆಗಲು ಕೊಡುತ್ತಿದ್ದರು? ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಅದನ್ನೇ.

ಮೊದಲು ಊರಿನ ಪರಿಚಯ ಮಾಡಿಕೊಳ್ಳೋಣ. ಸುತ್ತ ಮುಸುಕಿನ ಜೋಳದ ಹೊಲಗಳಿದ್ದ ಸಣ್ಣ ಊರು ಅದು. 1886ರಲ್ಲಿ ಅಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. ಗಾಜು ಕರಗಿಸಲು ಬೆಂಕಿ ಬೇಕಲ್ಲ, ಆ ಬೆಂಕಿ ಇಲ್ಲಿ ಬಹಳ ಅಗ್ಗವಾಯಿತು. ನ್ಯೂಯಾರ್ಕ್ ರಾಜ್ಯದ ಬಫಲೋದಿಂದ ಬಾಲ್ ಎಂಬ ಐವರು ಅಣ್ಣತಮ್ಮಂದಿರು ತಮ್ಮ ಗಾಜಿನ ಕಾರ್ಖಾನೆಯನ್ನು ಇಲ್ಲಿಗೆ ತಂದರು. ಮನೆಯಲ್ಲಿ ಹಣ್ಣು ತರಕಾರಿ ಕೆಡದಂತೆ ತುಂಬಿಡುವ ಜಾಡಿಗಳು ಅವರ ಸರಕು. ಅನಿಲ ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು, ಕಾರ್ಖಾನೆಗಳು ಉಳಿದವು. ಆಮೇಲೆ ಮೋಟಾರು ಗಾಡಿಯ ಗೇರು, ಬಿಡಿಭಾಗಗಳ ಕೆಲಸವೂ ಬಂತು. ಕಾಲೇಜು, ಆಸ್ಪತ್ರೆ ಎಲ್ಲದರ ಮೇಲೂ ಬಾಲ್ ಹೆಸರೇ.

ಆ ಊರಿಗೆ 1924ರ ಜನವರಿಯಲ್ಲಿ ರಾಬರ್ಟ್ ಲಿಂಡ್, ಹೆಲೆನ್ ಲಿಂಡ್ ಎಂಬ ಗಂಡ ಹೆಂಡತಿ ಬಂದರು. ರಾಬರ್ಟ್ ಪಾದ್ರಿಯ ಓದು ಓದಿದವರು. ಅವರನ್ನು ಕಳಿಸಿದ ಸಂಸ್ಥೆಗೆ ಬೇಕಾಗಿದ್ದದ್ದು ಊರಿನ ಧರ್ಮಜೀವನದ ವರದಿ. ಆದರೆ ಇವರಿಗೆ ಅನ್ನಿಸಿದ್ದೇ ಬೇರೆ. ಜನ ಹೇಗೆ ದುಡಿಯುತ್ತಾರೆ, ಮಕ್ಕಳನ್ನು ಹೇಗೆ ಬೆಳೆಸುತ್ತಾರೆ, ಬಿಡುವಿನಲ್ಲಿ ಏನು ಮಾಡುತ್ತಾರೆ ಅನ್ನುವುದನ್ನೆಲ್ಲ ಬಿಟ್ಟು ಬರೀ ಚರ್ಚನ್ನು ನೋಡಿದರೆ ಏನು ತಿಳಿಯುತ್ತದೆ? ಹಾಗಾಗಿ ದೂರದ ಬುಡಕಟ್ಟುಗಳನ್ನು ಮಾನವಶಾಸ್ತ್ರಜ್ಞರು ನೋಡುವ ಹಾಗೆ ತಮ್ಮದೇ ದೇಶದ ಒಂದು ಊರನ್ನು ನೋಡಿದರು. ಸುಮಾರು ಒಂದೂವರೆ ವರ್ಷ ಅಲ್ಲಿ ಕೆಲಸ ನಡೆಯಿತು. 1929ರಲ್ಲಿ ಪುಸ್ತಕ ಬಂತು. ಊರಿನ ಹೆಸರು ಮರೆಮಾಚಿ 'ಮಿಡಲ್‌ಟೌನ್' ಅಂತ ಕರೆದರು. ಗುಟ್ಟು ಬಹಳ ದಿನ ನಿಲ್ಲಲಿಲ್ಲ.

ಅವರು ಊರಿನ ಜನರನ್ನು ಎರಡು ಭಾಗ ಮಾಡಿದರು. ವ್ಯಾಪಾರ, ವಕೀಲಿ, ಮೇಷ್ಟರಗಿರಿ ಮಾಡುವವರು ಒಂದು ಕಡೆ, ಕೈಯಿಂದ ದುಡಿಯುವವರು ಇನ್ನೊಂದು ಕಡೆ. ನೂರಕ್ಕೆ 29 ಜನ ಮೊದಲನೆಯವರು, 71 ಜನ ಎರಡನೆಯವರು. ಈ ಗೆರೆಯನ್ನು ನೆನಪಿಟ್ಟುಕೊಳ್ಳಿ. ಯಾವ ಸಂಘದ ಬಾಗಿಲಿಗೆ ಹೋದರೂ ಅದು ಎದುರಾಗುತ್ತದೆ.

ಹಳೆಯ ಸಂಘಗಳ ಹೆಸರು ಲಾಡ್ಜ್. ನಮ್ಮಲ್ಲಿ ಲಾಡ್ಜ್ ಅಂದರೆ ರೂಮು ಬಾಡಿಗೆಗೆ ಕೊಡುವ ಜಾಗ. ಅಲ್ಲಿ ಲಾಡ್ಜ್ ಅಂದರೆ ಒಂದು ಬಳಗ. ಮೇಸನ್‌ಗಳು, ಆಡ್ ಫೆಲೋಗಳು, ಎಲ್ಕ್ಸ್, ಮೂಸ್, ಹೀಗೆ. ಒಳಗೆ ಸೇರುವಾಗ ಪ್ರಮಾಣ, ಗುಟ್ಟಿನ ಸಂಜ್ಞೆ, ವಿಶೇಷ ಉಡುಪು ಎಲ್ಲ ಇರುತ್ತಿತ್ತು. ಹೊರಗಿನವರಿಗೆ ಅದು ಆಟದ ಹಾಗೆ ಕಾಣಬಹುದು. ಆದರೆ ಒಬ್ಬ ಗಾಜಿನ ಕೆಲಸಗಾರನ ಜಾಗದಲ್ಲಿ ನಿಂತು ನೋಡಿ. ಸರ್ಕಾರದ ವಿಮೆ ಇಲ್ಲ, ಪಿಂಚಣಿ ಇಲ್ಲ. ಕಾಯಿಲೆ ಬಿದ್ದರೆ ಕೂಲಿ ನಿಂತಿತು. ಆಗ ಮನೆ ಬಾಗಿಲಿಗೆ ನಾಲ್ಕು ಕಾಸು ತರುತ್ತಿದ್ದದ್ದು ಲಾಡ್ಜ್. ಸತ್ತರೆ ಮಣ್ಣಿನ ಖರ್ಚು ನೋಡಿಕೊಳ್ಳುತ್ತಿದ್ದದ್ದೂ ಅದೇ. ಬಳಗದವರು ಸಾಲಾಗಿ ಸ್ಮಶಾನದವರೆಗೆ ನಡೆದು ಬರುತ್ತಿದ್ದರು. ನಮ್ಮ ಮಾತಿನ ಹೆಗಲು ಕೊಡುವುದು ಅಂದರೆ ಇದೇ ಅಲ್ವಾ?

1920ರ ದಶಕಕ್ಕೆ ಬರುವ ಹೊತ್ತಿಗೆ ಲಾಡ್ಜ್‌ನ ಬಿಸಿ ಆರಿತ್ತು. ಸದಸ್ಯರ ಪಟ್ಟಿ ಉದ್ದವೇ ಇತ್ತು, ಸಭೆಗೆ ಬರುವವರು ಕಡಿಮೆಯಾದರು. ವ್ಯಾಪಾರಸ್ಥರು ಆಗಲೇ ಬೇರೆ ಕಡೆ ಹೊರಟಿದ್ದರು.

ಎಲ್ಲಿಗೆ? ಮಧ್ಯಾಹ್ನದ ಊಟಕ್ಕೆ. ರೋಟರಿ 1905ರಲ್ಲಿ ಷಿಕಾಗೋದಲ್ಲಿ ಹುಟ್ಟಿತ್ತು, ಕಿವಾನಿಸ್ 1915ರಲ್ಲಿ ಡೆಟ್ರಾಯಿಟ್‌ನಲ್ಲಿ, ಲಯನ್ಸ್ 1917ರಲ್ಲಿ. ನಮ್ಮ ಬೆಂಗಳೂರಿಗೂ 1934ರಲ್ಲಿ ರೋಟರಿ ಬಂತು, ಹಾಗಾಗಿ ಇದು ನಮಗೆ ತೀರಾ ಅಪರಿಚಿತವಲ್ಲ. ವಾರಕ್ಕೊಮ್ಮೆ ಹೋಟೆಲಿನಲ್ಲಿ ಊಟ. ಬ್ಯಾಂಕಿನ ಒಡೆಯನನ್ನೂ ಬರೀ ಹೆಸರು ಹಿಡಿದೇ ಕರೆಯಬೇಕು. ಎಲ್ಲರೂ ಸೇರಿ ಹಾಡಬೇಕು. ಒಂದು ಕಸುಬಿನಿಂದ ಒಬ್ಬರನ್ನೇ ಆರಿಸುವುದು ರೋಟರಿಯ ಆಗಿನ ಪದ್ಧತಿ. ಮನ್ಸಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಗೌರವವಾಯಿತು. ಇವರು ಒಳ್ಳೆಯ ಕೆಲಸವನ್ನೂ ಮಾಡಿದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾರ್ಖಾನೆಯ ಸೈರನ್ ಕೇಳಿ ಡಬ್ಬಿ ಬಿಚ್ಚುವ ಕೆಲಸಗಾರ ಆ ಮೇಜಿನ ಹತ್ತಿರ ಎಲ್ಲಿಂದ ಬರಬೇಕು?

ಹೆಂಗಸರ ಸಂಘಗಳ ಬಗ್ಗೆ ನನಗೆ ಜಾಸ್ತಿ ಪ್ರೀತಿ. 1890ರ ಸುಮಾರಿಗೆ ಅವರು ಯಾರದಾದರೂ ಮನೆಯ ಹಜಾರದಲ್ಲಿ ಸೇರುತ್ತಿದ್ದರು. ಕವಿಗಳ ಬಗ್ಗೆ, ಇತಿಹಾಸದ ಬಗ್ಗೆ ತಾವೇ ಬರೆದ ಪ್ರಬಂಧ ಓದುತ್ತಿದ್ದರು. ಕಾಲೇಜಿನ ಮೆಟ್ಟಿಲು ಹತ್ತಲಾಗದ ಹೆಂಗಸರಿಗೆ ಅದೇ ಕಾಲೇಜು. 1920ರಲ್ಲಿ ದೇಶದ ಹೆಂಗಸರಿಗೆಲ್ಲ ಮತದ ಹಕ್ಕು ಬರುವ ಮೊದಲೇ ಸಭೆ ನಡೆಸುವುದು, ಲೆಕ್ಕ ಇಡುವುದು, ನಾಲ್ಕು ಜನರ ಮುಂದೆ ಮಾತಾಡುವುದನ್ನು ಅವರು ಇಲ್ಲಿ ಕಲಿತಿದ್ದರು. ಇಪ್ಪತ್ತರ ದಶಕದಲ್ಲಿ ಇಸ್ಪೀಟಿನ ಬ್ರಿಜ್ ಆಟ ಬಂದು ಪ್ರಬಂಧದ ಜಾಗದ ಸ್ವಲ್ಪ ಭಾಗವನ್ನು ಹಿಡಿಯಿತು. ಆದರೂ ಓದುವ ಸಂಘಗಳು ಸಾಯಲಿಲ್ಲ.

ಈ ಹಜಾರಕ್ಕೂ ಆ ಗೆರೆ ಬಂತು. ವ್ಯಾಪಾರಸ್ಥರ ಹೆಂಡತಿಯರಲ್ಲಿ ಹೆಚ್ಚುಕಡಿಮೆ ಎಲ್ಲರೂ ಯಾವುದಾದರೂ ಸಂಘದಲ್ಲಿದ್ದರು. ಕೆಲಸಗಾರರ ಹೆಂಡತಿಯರಲ್ಲಿ ಹಾಗಿದ್ದವರು ಕಡಿಮೆ. ಚಂದಾ ಕೊಡಬೇಕು, ಉಡಲು ಒಳ್ಳೆಯದು ಬೇಕು, ಸರದಿ ಬಂದಾಗ ಹತ್ತು ಜನರನ್ನು ಮನೆಗೆ ಕರೆದು ಉಪಚರಿಸಬೇಕು. ಎಲ್ಲಿಂದ ಆಗುತ್ತದೆ? ಲಿಂಡ್ ದಂಪತಿ ಮನೆಮನೆಗೆ ಹೋಗಿ ನಿಮ್ಮ ಆಪ್ತ ಗೆಳತಿಯರು ಯಾರು ಅಂತ ಕೇಳಿದರು. ತನಗೆ ಗೆಳತಿಯೇ ಇಲ್ಲ ಅಂತ ಹೇಳಿದ ಹೆಂಗಸರಿದ್ದರು. 458 ಸಂಘಗಳ ಊರಿನಲ್ಲಿ, ನೋಡಿ. ಆ ಪುಟ ಓದಿ ನಾನು ಪುಸ್ತಕ ಮುಚ್ಚಿಟ್ಟಿದ್ದೆ.

ಇದು ಹೇಗಾಯಿತು? ಒಂದು ಕಾರಣ ಜಗಲಿ. ಹಿಂದೆ ಸಂಜೆ ಹೊತ್ತು ಜನ ಮನೆಯ ಮುಂದಿನ ಜಗಲಿಯಲ್ಲಿ ಕೂರುತ್ತಿದ್ದರು. ದಾರಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಿದ್ದರು. ಅದಕ್ಕೆ ಚಂದಾ ಇರಲಿಲ್ಲ, ಆಹ್ವಾನ ಬೇಕಿರಲಿಲ್ಲ. ಊರಿಗೆ ಮೊದಲ ಮೋಟಾರು ಗಾಡಿ ಬಂದದ್ದು 1900ರಲ್ಲಿ. 1923ರ ಕೊನೆಗೆ ಅಲ್ಲಿ 6,221 ಕಾರುಗಳಿದ್ದವು. ಮೂರು ಕುಟುಂಬಕ್ಕೆ ಎರಡರ ಲೆಕ್ಕ. ಊಟ ಬಿಟ್ಟೇನು, ಕಾರು ಬಿಡಲಾರೆ ಅಂತ ಒಬ್ಬ ಕೆಲಸಗಾರನ ಹೆಂಡತಿ ಹೇಳಿದ್ದಳು. ಅವಳನ್ನು ನಾನು ತಪ್ಪು ಅನ್ನಲಾರೆ. ವಾರವಿಡೀ ದುಡಿದವರಿಗೆ ಭಾನುವಾರದ ಆ ಸುತ್ತಾಟ ದೊಡ್ಡ ಸಂತೋಷ. ಜೊತೆಗೆ ಒಂಬತ್ತು ಸಿನಿಮಾ ಮಂದಿರಗಳಿದ್ದವು. ರೇಡಿಯೋ ಬರುತ್ತಿತ್ತು. ಹೀಗೆ ಜಗಲಿ ಖಾಲಿಯಾಯಿತು. ಸುಮ್ನೆ ಸಿಗುತ್ತಿದ್ದ ಜನರನ್ನು ಇನ್ನು ಮುಂದೆ ಸಂಘ ಕಟ್ಟಿ ಸೇರಿಸಬೇಕಾಯಿತು. ಸಂಘಗಳ ಸಂಖ್ಯೆ ಏರಿದ್ದಕ್ಕೆ ಇದೂ ಒಂದು ಕಾರಣ ಅಂತ ನಾನು ನಂಬಿದ್ದೇನೆ.

ಇಡೀ ಊರು ಒಂದಾಗುತ್ತಿದ್ದದ್ದು ಬಾಸ್ಕೆಟ್‌ಬಾಲಿಗೆ. ಹೈಸ್ಕೂಲು ತಂಡದ ಹೆಸರು ಬೇರ್‌ಕ್ಯಾಟ್ಸ್. 1928ರ ರಾಜ್ಯ ಫೈನಲಿನಲ್ಲಿ ಅವರು ಮಾರ್ಟಿನ್ಸ್‌ವಿಲ್ ತಂಡವನ್ನು 13–12ರಿಂದ ಸೋಲಿಸಿದರು. ಚಾರ್ಲಿ ಸೆಕ್ರಿಸ್ಟ್ ಎಂಬ ಹುಡುಗ ಬಹಳ ದೂರದಿಂದ ಮೇಲಕ್ಕೆ ಎಸೆದ ಚೆಂಡು ಬುಟ್ಟಿಯಲ್ಲಿ ಬಿತ್ತು. ಸೋತವರಲ್ಲಿ ಜಾನ್ ವುಡನ್ ಇದ್ದರು, ಮುಂದೆ ಅಮೆರಿಕದ ಅತಿ ದೊಡ್ಡ ಕೋಚ್ ಆದವರು. 1931ರಲ್ಲಿ ಮತ್ತೆ ಮನ್ಸಿ ಗೆದ್ದಿತು. ಆ ತಂಡದಲ್ಲಿ ಜ್ಯಾಕ್ ಮ್ಯಾನ್ ಎಂಬ ಎತ್ತರದ ಕಪ್ಪು ಹುಡುಗ ಇದ್ದ.

ಇನ್ನು ಹೇಳಲು ಕಷ್ಟವಾದ ಒಂದು ಸಂಘ. ಕು ಕ್ಲಕ್ಸ್ ಕ್ಲಾನ್. ಇಂಡಿಯಾನಾದಲ್ಲಿ ಅದು ಲಕ್ಷಗಟ್ಟಲೆ ಸದಸ್ಯರನ್ನು ಸೇರಿಸಿತ್ತು. ಮನ್ಸಿಯಲ್ಲಿ ಮೊದಲು ವ್ಯಾಪಾರಸ್ಥರು ಅದನ್ನು ಬೆಳೆಸಿದರು, ಆಮೇಲೆ ಅವರು ಹಿಂದೆ ಸರಿದರು, ಕೆಲಸಗಾರರು ತುಂಬಿದರು. ಅದು ಕಪ್ಪು ಜನ, ಕ್ಯಾಥೊಲಿಕರು, ಯಹೂದಿಗಳ ಮೇಲೆ ದ್ವೇಷ ಕಟ್ಟಿದ ಸಂಘ. ಆದರೆ ಸದಸ್ಯರಿಗೆ ಅದು ಕಂಡದ್ದು ಸಂಘವಾಗಿಯೇ. ಮೆರವಣಿಗೆ, ಬ್ಯಾಂಡು, ಬಯಲೂಟ, ಹೆಂಗಸರಿಗೆ ಬೇರೆ ವಿಭಾಗ. ರೋಟರಿಯ ಬಾಗಿಲು ಮುಚ್ಚಿದ್ದ ಮನುಷ್ಯನಿಗೆ ಇಲ್ಲಿ ಬಿಳಿ ನಿಲುವಂಗಿ ಸಿಕ್ಕಿತು, ತಾನೂ ಒಬ್ಬ ಅನ್ನುವ ಭಾವ ಸಿಕ್ಕಿತು. ಬೇರೆಯವರನ್ನು ಹೊರಗಿಟ್ಟು ಸಿಕ್ಕ ಆತ್ಮೀಯತೆ ಅದು. ಜನರ ಒಂಟಿತನವನ್ನು ಇಷ್ಟು ಚೆನ್ನಾಗಿ ಬಳಸಿಕೊಂಡದ್ದು ನೋಡಿದರೆ ಈಗಲೂ ಭಯವಾಗುತ್ತದೆ.

ಎದುರು ನಿಂತವರು ಜಾರ್ಜ್ ಡೇಲ್. 'ಮನ್ಸಿ ಪೋಸ್ಟ್-ಡೆಮಾಕ್ರಾಟ್' ಎಂಬ ಪತ್ರಿಕೆಯ ಸಂಪಾದಕರು. ಕ್ಲಾನಿನ ವಿರುದ್ಧ ವಾರ ವಾರ ಬರೆದರು. ಮುಸುಕು ಹಾಕಿದವರು ಹಲ್ಲೆ ಮಾಡಿದರು. ನ್ಯಾಯಾಲಯ ನಿಂದನೆಯ ಹೆಸರಿನಲ್ಲಿ ಜೈಲು ಶಿಕ್ಷೆ ಬಂತು. ಆ ಶಿಕ್ಷೆ ಕೊಟ್ಟ ನ್ಯಾಯಾಧೀಶ ಕ್ಲಾರೆನ್ಸ್ ಡಿಯರ್ತ್ ಮೇಲೆ 1927ರಲ್ಲಿ ರಾಜ್ಯದ ಶಾಸನಸಭೆಯೇ ಮಹಾಭಿಯೋಗ ಹೊರಿಸಿತು, ಆದರೆ ಮೇಲ್ಮನೆಯಲ್ಲಿ ಸಾಕಷ್ಟು ಮತ ಬೀಳದೆ ಅವನು ಉಳಿದುಕೊಂಡ. ಅಷ್ಟರಲ್ಲಿ ಕ್ಲಾನಿನ ರಾಜ್ಯ ನಾಯಕ ಸ್ಟೀವನ್ಸನ್ 1925ರಲ್ಲಿ ಒಬ್ಬ ಹೆಣ್ಣುಮಗಳ ಕೊಲೆಯ ಅಪರಾಧಿಯಾಗಿ ಜೈಲು ಸೇರಿದ್ದ, ಸಂಘವೂ ಕುಸಿಯಿತು. 1929ರಲ್ಲಿ ಜನ ಡೇಲ್ ಅವರನ್ನೇ ಮೇಯರ್ ಆಗಿ ಆರಿಸಿದರು.

ಅದೇ ವರ್ಷ ಆರ್ಥಿಕ ಕುಸಿತ ಶುರುವಾಯಿತು. ಜನರಲ್ ಮೋಟಾರ್ಸ್ 1932ರಲ್ಲಿ ಕಾರ್ಖಾನೆ ಮುಚ್ಚಿ ಹೋಯಿತು, 1935ರಲ್ಲಿ ಮರಳಿತು. ಆ ಬೇಸಿಗೆಯಲ್ಲಿ ರಾಬರ್ಟ್ ಲಿಂಡ್ ಮತ್ತೆ ಬಂದರು, ಆಮೇಲೆ ಗಂಡ ಹೆಂಡತಿ ಸೇರಿ ಎರಡನೆಯ ಪುಸ್ತಕ ಬರೆದರು. ಊರಿನಲ್ಲಿ ಕೆಲಸ, ಸಾಲ, ಓದು, ಆಸ್ಪತ್ರೆ ಎಲ್ಲಕ್ಕೂ ಒಂದೇ ಮನೆತನದ ಕಡೆ ನೋಡಬೇಕಾಗಿತ್ತು ಅನ್ನುವುದನ್ನು ಅವರು ಈ ಸಲ ಬಿಚ್ಚಿ ಹೇಳಿದರು.

ಆದರೆ ಮೊದಲ ಪುಸ್ತಕದಲ್ಲಿ ಒಂದು ದೊಡ್ಡ ಖಾಲಿ ಜಾಗ ಇದೆ. ಮನ್ಸಿಯಲ್ಲಿ ಆಗ ನೂರಕ್ಕೆ ಐದಾರು ಜನ ಕಪ್ಪು ಜನ. ವೈಟ್ಲಿ ಎಂಬ ಬಡಾವಣೆಯಲ್ಲಿ ಅವರದೇ ಮನೆಗಳು, ಅವರದೇ ಚರ್ಚುಗಳು ಇದ್ದವು. ಜನಾಂಗದ ವಿಷಯ ಅಡ್ಡ ಬರಬಾರದು ಅಂತ ಲಿಂಡ್ ದಂಪತಿ ಅವರನ್ನು ಹೆಚ್ಚುಕಡಿಮೆ ಬದಿಗಿಟ್ಟರು. ಎಷ್ಟೋ ದಶಕಗಳ ಮೇಲೆ ಆ ಊರಿನವರೇ ಆದ ಹರ್ಲಿ ಗುಡಾಲ್ ಹಳೆಯ ಫೋಟೋ, ಕಾಗದ, ನೆನಪುಗಳನ್ನು ಕೂಡಿಸಿ ಆ ಕಥೆಯನ್ನು ಹೊರಗೆ ತಂದರು. ಅವರು ಊರಿನ ಅಗ್ನಿಶಾಮಕ ದಳದಲ್ಲಿದ್ದವರು, ಮುಂದೆ ಶಾಸಕರೂ ಆದರು.

ಆ ಕಥೆಯಲ್ಲಿ 1930ರ ಆಗಸ್ಟ್ ಇದೆ. ಮನ್ಸಿಯಿಂದ ಸುಮಾರು 50 ಕಿಲೋಮೀಟರ್ ದೂರದ ಮೇರಿಯನ್ ಊರಿನಲ್ಲಿ 7ನೇ ತಾರೀಖು ರಾತ್ರಿ ಒಂದು ಬಿಳಿಯರ ಗುಂಪು ಜೈಲು ಒಡೆಯಿತು. ಥಾಮಸ್ ಷಿಪ್, ಅಬ್ರಾಮ್ ಸ್ಮಿತ್ ಎಂಬ ಇಬ್ಬರು ಕಪ್ಪು ಹುಡುಗರನ್ನು ಎಳೆದು ತಂದು ಹೊಡೆದು ಮರಕ್ಕೆ ನೇತುಹಾಕಿತು. ಹದಿನಾರು ವರ್ಷದ ಜೇಮ್ಸ್ ಕ್ಯಾಮರನ್ ಹೇಗೋ ಬದುಕಿ ಉಳಿದ. ಆ ಗುಂಪಿನಲ್ಲಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ.

ಆ ಹೆಣಗಳನ್ನು ಅಂತ್ಯಕ್ರಿಯೆಗೆ ಸಿದ್ಧ ಮಾಡುವ ಕಪ್ಪು ಜನ ಮೇರಿಯನ್‌ನಲ್ಲಿ ಯಾರೂ ಇರಲಿಲ್ಲ. ವೈಟ್ಲಿಯ ಶೇಫರ್ ಚಾಪೆಲ್ ಎಂಬ ಸಣ್ಣ ಚರ್ಚಿನ ಪಾದ್ರಿ ಜೆ. ಇ. ಜಾನ್ಸನ್ ಅವರಿಗೆ ಆ ಕೆಲಸ ಗೊತ್ತಿತ್ತು. ಅವರು ಹೋಗಿ ಇಬ್ಬರನ್ನೂ ಮನ್ಸಿಗೆ ತಂದರು. ಗುಂಪು ಇಲ್ಲಿಗೂ ಬರುತ್ತದೆ, ಹೆಣಗಳನ್ನೂ ಬಿಡುವುದಿಲ್ಲ ಅಂತ ಸುದ್ದಿ ಹಬ್ಬಿತು. ವೈಟ್ಲಿಯ ಜನ ಬಂದೂಕು ಹಿಡಿದು ಹೊರಗೆ ಬಂದು ಕಾವಲು ನಿಂತರು. ಒಳಗೆ ಜಾನ್ಸನ್ ತಮ್ಮ ಕೆಲಸ ಮಾಡುತ್ತಿದ್ದರು. ಸತ್ತ ಹುಡುಗರು ಅವರ ನೆಂಟರಲ್ಲ, ಅವರ ಊರಿನವರೂ ಅಲ್ಲ. ಕೆಲಸ ಮುಗಿದ ಮೇಲೆ ಪೊಲೀಸರ ಬೆಂಗಾವಲಿನಲ್ಲಿ ಆ ಇಬ್ಬರನ್ನೂ ಮಣ್ಣು ಮಾಡಲು ಮೇರಿಯನ್‌ಗೆ ಕರೆದೊಯ್ದರು.