ಬುರ್ಜಹೋಮ್‌ನ ಕಲ್ಲುಕೊಡಲಿಗಳು, ಮೂಳೆಯ ಸೂಜಿಗಳು

ಕೇಳುಗರಿಗೆ ನಮಸ್ಕಾರ.

ಶ್ರೀನಗರದ ಈಶಾನ್ಯಕ್ಕೆ ಸುಮಾರು 16 ಕಿಲೋಮೀಟರ್ ದೂರದಲ್ಲಿ, ಕರೇವಾ ಎಂದು ಹೆಸರಾದ ಎತ್ತರದ ಮಣ್ಣಿನ ಬಯಲಿನ ಮೇಲೆ, ಬುರ್ಜಹೋಮ್ ಎಂಬ ನವಶಿಲಾಯುಗದ ನೆಲೆಯಿದೆ. 1960ರಿಂದ 1971ರವರೆಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಟಿ.ಎನ್. ಖಜಾಂಚಿಯವರ ನೇತೃತ್ವದಲ್ಲಿ ಇಲ್ಲಿ ವಿಸ್ತಾರವಾದ ಉತ್ಖನನ ನಡೆಸಿತು. ಕ್ರಿ.ಪೂ. 3000ದ ಸುಮಾರಿಗೆ ಇಲ್ಲಿ ನೆಲೆಸಿದ ಜನರು ಬಾಯಿ ಕಿರಿದಾಗಿ ತಳ ಅಗಲವಾಗಿರುವ ಗುಂಡಿಗಳನ್ನು ತೋಡಿಕೊಂಡಿದ್ದರು. ಅವುಗಳಲ್ಲಿ ದೊಡ್ಡದೊಂದರ ಆಳ 3.96 ಮೀಟರ್. ಇವು ವಾಸದ ಮನೆಗಳೋ ಧಾನ್ಯದ ಹಗೇವುಗಳೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲವಾದರೂ, ಅವನ್ನು ತೋಡಿದ ಬಗೆಯ ಬಗ್ಗೆ ಸಂದೇಹಕ್ಕೆ ಹೆಚ್ಚು ಎಡೆಯಿಲ್ಲ. ಉದ್ದನೆಯ ಕಲ್ಲುಕೊಡಲಿಗಳ ಏಟಿನ ಗುರುತುಗಳು ಗುಂಡಿಗಳ ಗೋಡೆಯ ಮೇಲೆಯೇ ಉಳಿದಿವೆ. ಉಪಕರಣವೂ ಅದು ಮಾಡಿದ ಕೆಲಸವೂ ಹೀಗೆ ಒಂದೇ ಜಾಗದಲ್ಲಿ ಸಿಗುವುದು ಅಪರೂಪ.

ಆದರೂ ಬುರ್ಜಹೋಮ್‌ನ ನಿಜವಾದ ಸಂಪತ್ತು ಮೂಳೆಯ ಉಪಕರಣಗಳೇ ಎಂದು ನನಗನ್ನಿಸುತ್ತದೆ. ಹುಳಿ ಗುಣವುಳ್ಳ ಮಣ್ಣಿನಲ್ಲಿ ಮೂಳೆ ಕೆಲವೇ ಶತಮಾನಗಳಲ್ಲಿ ಕರಗಿಹೋಗಬಹುದು. ಕರೇವಾದ ಮಣ್ಣಿನಲ್ಲಿ ಸುಣ್ಣದ ಅಂಶವಿರುವುದರಿಂದ ಮೀನು ಹಿಡಿಯುವ ಮುಳ್ಳುಭರ್ಜಿಗಳು, ಬಾಣದ ಮೊನೆಗಳು, ದಬ್ಬಳಗಳು, ಕಣ್ಣುಳ್ಳ ಮತ್ತು ಕಣ್ಣಿಲ್ಲದ ಸೂಜಿಗಳು ನಮ್ಮ ಕಾಲದವರೆಗೆ ಉಳಿದು ಬಂದಿವೆ. ಇವಕ್ಕೆ ಪ್ರಾಣಿಗಳ ಮೂಳೆಯ ಜೊತೆಗೆ ಜಿಂಕೆಯ ಕವಲುಗೊಂಬನ್ನೂ ಬಳಸಿದ್ದರು. ಮೂಳೆಯನ್ನು ಉದ್ದಕ್ಕೆ ಸೀಳಿ, ಒರಟು ಕಲ್ಲಿನ ಮೇಲೆ ಉಜ್ಜಿ ಮೊನೆ ತೆಗೆದು, ಹಿಂದಿನ ತುದಿಯಲ್ಲಿ ಒಡೆಯದಂತೆ ರಂಧ್ರ ಕೊರೆಯುವುದಕ್ಕೆ ಎಷ್ಟು ತಾಳ್ಮೆ ಬೇಕೆಂಬುದನ್ನು ಊಹಿಸಿಕೊಳ್ಳಬಹುದು. ಚಳಿಗಾಲದಲ್ಲಿ ಹಿಮ ಬೀಳುವ ಆ ಕಣಿವೆಯಲ್ಲಿ ಬದುಕಬೇಕಾದವರಿಗೆ ತೊಗಲನ್ನು ಹೊಲಿಯುವ ಸೂಜಿಯು ಕೊಡಲಿಗಿಂತ ಕಡಿಮೆ ಮುಖ್ಯವಾಗಿದ್ದಿರಲಾರದು. ಕಲ್ಲು ಮರವನ್ನೂ ಮಣ್ಣನ್ನೂ ಕಡಿಯಿತು. ಬೇಟೆ, ಮೀನುಗಾರಿಕೆ, ಹೊಲಿಗೆಯಂಥ ಕೆಲಸಗಳು ಬಹುಮಟ್ಟಿಗೆ ಮೂಳೆಯ ಪಾಲಿಗೆ ಬಂದಂತಿವೆ.

ಕಲ್ಲಿನ ಉಪಕರಣಗಳಲ್ಲಿ ರಂಧ್ರಗಳುಳ್ಳ ಆಯತಾಕಾರದ ಕೊಯ್ಲುಗತ್ತಿ ವಿಶೇಷವಾದುದು. ಇದೇ ಮಾದರಿಯ ಕತ್ತಿಗಳು ಚೀನಾದ ನವಶಿಲಾಯುಗದ ನೆಲೆಗಳಲ್ಲಿಯೂ ದೊರೆತಿರುವುದರಿಂದ, ಹಿಮಾಲಯದಾಚೆಗಿನ ಸಂಪರ್ಕವನ್ನು ಹಲವು ವಿದ್ವಾಂಸರು ಊಹಿಸಿದ್ದಾರೆ. ಆಕಾರದ ಹೋಲಿಕೆಯೊಂದರಿಂದಲೇ ಜನರ ವಲಸೆಯನ್ನು ನಿರ್ಣಯಿಸುವುದು ಮಾತ್ರ ಅವಸರವಾದೀತು.

ಬುರ್ಜಹೋಮ್‌ನ ಜನವಸತಿಯ ಎರಡನೆಯ ಹಂತದ ಪದರಗಳಲ್ಲಿ ತಾಮ್ರದ ಬಾಣದ ಮೊನೆಯೂ ಸಿಕ್ಕಿದೆ. ಲೋಹ ಬಂದೊಡನೆ ಮೂಳೆಯ ಕೆಲಸ ಸೊರಗಲಿಲ್ಲ; ಅದೇ ಹಂತದಲ್ಲಿ ಕಲ್ಲು ಮತ್ತು ಮೂಳೆಯ ಉಪಕರಣಗಳ ಸಂಖ್ಯೆಯೂ ನಯವೂ ಹೆಚ್ಚಿದವು. ಅವು ವಿರಳವಾಗುವುದು ಆಮೇಲೆ, ಬೃಹತ್ ಶಿಲೆಗಳನ್ನು ನಿಲ್ಲಿಸಿದ ಕಾಲದ ಪದರಗಳಲ್ಲಿ.